ಬಾಣಂತಿ ಕೋಣೆಯ ಹೊಗೆಯಿಲ್ಲದ ಕೆಂಡ

ನಮ್ಮ ಶಲವಡಿಯಲ್ಲಿ ಬಾಣಂತಿಗೆ ತಲೆ ನೋವು ಬಂದರೆ ಕಾರಣ ಹುಡುಕುವ ಕೆಲಸವೇ ಇಲ್ಲ. ಗಾಳಿ ಬಡಿದಿದೆ ಎಂದು ಓಣಿಯ ಹೆಂಗಸರೆಲ್ಲ ಒಂದೇ ಬಾಯಿಂದ ಹೇಳಿಬಿಡುತ್ತಾರೆ. ಕಿಟಕಿಗೆ ಗೋಣಿಚೀಲ ತುರುಕುತ್ತಾರೆ, ಬಾಗಿಲು ಮುಚ್ಚುತ್ತಾರೆ, ಅವಳು ಮಲಗುವ ಹೊರಸಿನ ಕೆಳಗಿನ ಅಗ್ಗಿಷ್ಟಿಕೆಗೆ ಇನ್ನಷ್ಟು ಕೆಂಡ ಸುರಿಯುತ್ತಾರೆ. ನಾನೂ ಹಾಗೆ ಹೇಳುತ್ತಿದ್ದವಳೇ. ಆದ್ದರಿಂದ ಪಕ್ಕದ ಮನೆಯ ತಾಯವ್ವನ ಕಥೆ ಹೇಳುವಾಗ ಅವಳೊಬ್ಬಳನ್ನೇ ದೂರಲು ನನಗೆ ಬಾಯಿಲ್ಲ.

ತಾಯವ್ವ ಎಂದರೆ ಬಾಣಂತನದಲ್ಲಿ ಎತ್ತಿದ ಕೈ. ಅವಳು ಕಟ್ಟಿದ ಅಂಟಿನುಂಡಿ ತಿಂದು ಎದ್ದು ಓಡಾಡಿದ ಬಾಣಂತಿಯರು ನಮ್ಮ ಓಣಿಯಲ್ಲಿ ಮನೆಗೊಬ್ಬರಿದ್ದಾರೆ. ಎಂಬತ್ತೈದನೆಯ ಇಸವಿಯ ಚಳಿಗಾಲದಲ್ಲಿ ಅವಳ ಮಗಳು ರೇಣುಕವ್ವ ಚೊಚ್ಚಲ ಹೆರಿಗೆಗೆ ಸಂಶಿಯ ಗಂಡನ ಮನೆಯಿಂದ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಮೂರು ಗಂಡುಮಕ್ಕಳ ಮೇಲೆ ಹುಟ್ಟಿದ ಒಬ್ಬಳೇ ಮಗಳು ರೇಣುಕವ್ವ. ಅವಳಿಗೂ ಮಗಳೇ ಆದಳೆಂದು ತಾಯವ್ವ ಊರಿಗೆಲ್ಲ ಸಕ್ಕರೆ ಹಂಚಿದಳು.

ಐದಾರು ದಿನ ಕಳೆಯುವಷ್ಟರಲ್ಲಿ ರೇಣುಕವ್ವನಿಗೆ ತಲೆ ನೋವು ಶುರುವಾಯಿತು. ಜೊತೆಗೆ ವಾಕರಿಕೆ, ಕಣ್ಣಿಗೆ ಕತ್ತಲೆ. ಕೂಸು ಕೂಡ ಸರಿಯಾಗಿ ಮೊಲೆ ಹಿಡಿಯದೆ ಮಂಕಾಗಿ ಮಲಗಿಬಿಡುತ್ತಿತ್ತು. ಗಾಳಿ ಬಡಿದಿದೆ ಎಂದಳು ತಾಯವ್ವ. ಹೌದು ಎಂದೆ ನಾನು. ಅವತ್ತೇ ಅವಳು ನವಲಗುಂದದ ದಪ್ಪ ಜಮಖಾನೆಯನ್ನು ಕೋಣೆಯ ಬಾಗಿಲಿಗೆ ಇಳಿಬಿಟ್ಟು, ಅದರ ಅಂಚನ್ನು ಹೊಸ್ತಿಲ ಸಂದಿಗೆ ಒತ್ತಿದಳು. ಮರುದಿನ ನೋವು ಹೆಚ್ಚಾಯಿತು. ಅವಳು ಕೆಂಡವನ್ನೂ ಹೆಚ್ಚು ಮಾಡಿದಳು. ಹೀಗೆ ನೋವು ಏರಿದಂತೆಲ್ಲ ಕೆಂಡ ಏರಿತು, ಕೆಂಡ ಏರಿದಂತೆಲ್ಲ ನೋವು ಏರಿತು. ಎರಡೂ ಜೊತೆಯಾಗಿ ಏರುತ್ತಿವೆಯಲ್ಲ ಎಂದು ನಮ್ಮ ಜಾಣ ಓಣಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹತ್ತನೆಯ ದಿನ ನರ್ಸಬಾಯಿ ಖಾಸಿಂಬಿ ಕೂಸನ್ನು ನೋಡಲು ಬಂದಳು. ನವಲಗುಂದದಲ್ಲಿ ಜಮಖಾನೆ ನೇಯುವವರ ಮನೆಯ ಮಗಳು. ನಮ್ಮ ಊರಿಗೆ ಬಂದು ಮೂರು ವರ್ಷವಾಗಿತ್ತು. ಮಾತು ಕಡಿಮೆ, ನೋಟ ಹೆಚ್ಚು. ಜಮಖಾನೆ ಸರಿಸಿ ಒಳಗೆ ಹೋದವಳು ಸ್ವಲ್ಪ ಹೊತ್ತಿನಲ್ಲೇ ಬಾಗಿಲನ್ನು ಪೂರ್ತಿ ತೆರೆದಿಟ್ಟು, ತಾಯಿ ಮಗು ಇಬ್ಬರನ್ನೂ ಪಡಸಾಲೆಗೆ ಕರೆತಂದು ಕೂರಿಸಿದಳು. ನೋವು ಯಾವಾಗ ಕಡಿಮೆಯಾಗುತ್ತದೆ ಎಂದು ಕೇಳಿದಳು.

"ಎರಕೊಳ್ಳಾಕ ಬಚ್ಚಲಕ್ಕ ಹೋದಾಗ ಹಗರ ಆಗತೈತ್ರಿ. ಒಳಗ ಬಂದು ಮಕ್ಕೊಂಡ್ರ ಮತ್ತ ಶುರು ಆಗತೈತಿ," ಎಂದಳು ರೇಣುಕವ್ವ.

ಖಾಸಿಂಬಿ ತಾಯವ್ವನ ಕಡೆ ತಿರುಗಿದಳು. "ನೀವೂ ಅದ ಕೋಣ್ಯಾಗ ಮಲಗತೀರಿ. ನಿಮಗೂ ತಲಿ ನೋಯತೈತೇನ್ರಿ?"

"ನೋಯತೈತಿ. ನಿದ್ದಿಗೆಟ್ಟರ ನೋಯದ ಇರತೈತೇನ?"

"ಹಂಗಾರ ನಿಮಗೂ ಗಾಳಿ ಬಡೀತೇನ್ರಿ? ನೀವೇನ್ ಹಡದಿಲ್ಲಲ್ಲ."

ನಾನು ನಕ್ಕೆ. ತಾಯವ್ವ ನಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ವಿಷಗಾಳಿ ಹುಟ್ಟುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಅದೇ ಈ ತಲೆ ನೋವಿನ ಮೂಲ ಎಂದು ಖಾಸಿಂಬಿ ಬಿಡಿಸಿ ಹೇಳಿದಳು. ತಾಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಅವಳು ಕೇಳಿದ ಪ್ರಶ್ನೆ ಮಾತ್ರ ತೂಕದ್ದೇ ಆಗಿತ್ತು.

"ಚೊಚ್ಚಲದ್ದೊಂದು ಬಿಟ್ಟು ನಂದು ಮೂರು ಬಾಣಂತನ ನಮ್ಮತ್ತಿ ಇದ ಕೋಣ್ಯಾಗ ಮಾಡ್ಯಾಳ, ಇದ ಹೊರಸಿನ ಬುಡಕ ಕೆಂಡ ಇಟ್ಟಾಳ. ಆಗ ಹೊಗಿ ಮನಿ ತುಂಬ ಇರತಿತ್ತು. ಈಗ ಹೊಗಿನ ಇಲ್ಲ. ಆವಾಗ ಬರದ ವಿಷ ಈಗ ಎಲ್ಲಿಂದ ಬಂತ್ರಿ ಬಾಯಾರ?"

ಖಾಸಿಂಬಿ ಎದ್ದಳು. ಕೋಣೆಯೊಳಗೆ ಹೋಗಿ ಗೋಡೆ ನೋಡಿದಳು, ಬಾಗಿಲು ನೋಡಿದಳು, ಕೊನೆಗೆ ಕತ್ತೆತ್ತಿ ಮಾಳಿಗೆಯ ಬೆಳಕಿಂಡಿ ನೋಡಿದಳು. ಅದಕ್ಕೆ ಗಾಜು ಕೂತಿತ್ತು. ಯಾವಾಗ ಕೂರಿಸಿದ್ದು ಎಂದು ವಿಚಾರಿಸಿದಾಗ ತಾಯವ್ವನ ಗಂಡ ಅಂದಾನೆಪ್ಪ ಮೀಸೆ ತಿರುವುತ್ತ ಮುಂದೆ ಬಂದ. ದೀಪಾವಳಿಗೆ ತಾನೇ ಗಾಜು ತರಿಸಿ ಸುತ್ತಲೂ ಸಿಮೆಂಟು ಮೆತ್ತಿಸಿದ್ದಾಗಿ, ಗೋಡೆಯ ಬಿರುಕನ್ನೆಲ್ಲ ಮುಚ್ಚಿಸಿ ಹೊಸ ಬಾಗಿಲು ಹಚ್ಚಿಸಿದ್ದಾಗಿ, ಈಗ ಇರುವೆಗೂ ದಾರಿಯಿಲ್ಲವೆಂದು ಹೇಳಿಕೊಂಡ. ಮೊದಲು ಬೆಳಕಿಂಡಿಯ ಮೇಲೆ ಒಡಕು ಗಡಿಗೆ ಬೋರಲು ಹಾಕಿರುತ್ತಿದ್ದರಂತೆ. ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಸಂದಿಯಿತ್ತಂತೆ. ಸಗಣಿ ಕುಳ್ಳಿನ ಹೊಗೆಯ ಕಾಟವೂ ಬೇಡವೆಂದು ಮಗಳಿಗಾಗಿ ಕಮ್ಮಾರನ ಕಡೆಯಿಂದ ಒಂದು ಚೀಲ ಇದ್ದಲಿ ತಂದಿದ್ದ ಪುಣ್ಯಾತ್ಮ. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ.

ಈಗ ಖಾಸಿಂಬಿಯ ಕೈಗೆ ಉತ್ತರ ಸಿಕ್ಕಿತು. "ಆಗ ಗಾಳಿ ಆಡಾಕ ದಾರಿ ಇತ್ತ್ರಿ. ಅದರ ಮ್ಯಾಲ ಕುಳ್ಳಿನ ಹೊಗಿ ಕಣ್ಣಾಗ ಹೊಕ್ಕು ನಿಮ್ಮನ್ನ ಎಬ್ಬಸತಿತ್ತು. ನೀವು ಬೈಕೋಂತ ಎದ್ದು ಬಾಗಲಾ ತಗೀತಿದ್ರಿ, ಅದ ನಿಮ್ಮನ್ನ ಉಳಿಸೇತಿ. ಈ ಇದ್ದಲಿಗೆ ಬಾಯಿಲ್ಲ. ಸುಮ್ಮ ಕುಂತು ಕೊಲ್ಲತೈತಿ."

ದೊಡ್ಡ ಕಾರ್ಖಾನೆಗಳಲ್ಲಿ, ಗಣಿಗಳಲ್ಲಿ ಈ ಗಾಳಿ ಸೇರಿದ ಕೂಡಲೇ ಗಂಟೆ ಬಾರಿಸಿ ಎಚ್ಚರಿಸುವ ಯಂತ್ರ ಇಟ್ಟಿರುತ್ತಾರೆಂದು ಅವಳು ತರಬೇತಿಯಲ್ಲಿ ಕೇಳಿದ್ದಳಂತೆ. ನಮ್ಮ ಮನೆಗಳಿಗೆ ಅದು ಎಂದು ಬರುತ್ತದೋ, ಅಲ್ಲಿಯವರೆಗೆ ನಮ್ಮ ಎಚ್ಚರವೇ ಆ ಯಂತ್ರ ಎಂದಳು. ಹೊರಡುವ ಮುಂಚೆ ರೇಣುಕವ್ವನ ಕೈ ಹಿಡಿದು, "ತಲಿ ನೋಯಾಕ ಹತ್ತಿತೋ, ಅದ ಗಂಟಿ ಹೊಡದಂಗ ಅಂತ ತಿಳಿ. ಮಕ್ಕೋಬ್ಯಾಡ. ಯಾರನ್ನೂ ಕೇಳಬ್ಯಾಡ. ಕೂಸಿನ್ನ ಎತಗೊಂಡು ಹೊರಗ ಬಾ," ಎಂದು ಹೇಳಿದಳು.

ನರ್ಸಬಾಯಿ ಇರುವ ತನಕ ಅಗ್ಗಿಷ್ಟಿಕೆ ಅಂಗಳದಲ್ಲಿತ್ತು. ಅವಳು ಓಣಿ ದಾಟಿದ ಮೇಲೆ ತಾಯವ್ವ ಅದನ್ನು ಮತ್ತೆ ಒಳಗೆ ಒಯ್ದಳು. ನಾನು ಕಣ್ಣಾರೆ ಕಂಡೆ. ಕಂಡೂ ಸುಮ್ಮನಿದ್ದೆ.

ಎರಡು ದಿನಕ್ಕೆ ಎಳ್ಳ ಅಮಾವಾಸ್ಯೆ ಬಂತು. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಹೊಲದಲ್ಲೇ ಉಣ್ಣಲು ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೋಯಿತು. ಅಂದಾನೆಪ್ಪನೂ ಹೋದ. ಬಾಣಂತಿಗಾಗಿ ತಾಯವ್ವ ಉಳಿದಳು. ಮೊಣಕಾಲು ಬಾತು ನಾನು ಉಳಿದೆ. ಅಂದು ಗಾಳಿ ಜೋರಾಗಿತ್ತು. ಮಗಳಿಗೆ ಎರೆದು ಮುಗಿಸಿ ತಾಯವ್ವ ಅಗ್ಗಿಷ್ಟಿಕೆಗೆ ದಿನಕ್ಕಿಂತ ಹೆಚ್ಚೇ ಕೆಂಡ ತುಂಬಿದಳು. ಬಾಗಿಲು ಮುಚ್ಚಿ, ಜಮಖಾನೆಯ ಅಂಚನ್ನು ಒತ್ತಿ, ನನ್ನ ಜೊತೆ ಕಟ್ಟೆಯ ಮೇಲೆ ಬಿಸಿಲಿಗೆ ಕೂತಳು. ಆ ನರ್ಸಬಾಯಿಗೆ ಪುಸ್ತಕ ಗೊತ್ತಿದೆ, ಬಾಣಂತನ ಗೊತ್ತಿಲ್ಲ ಎಂದು ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಒಳಗೆ ನಡೆದದ್ದನ್ನು ರೇಣುಕವ್ವ ಆಮೇಲೆ ಹೇಳಿದಳು. ಮಲಗಿದ ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ಹೊರಗೆ ಹೋದರೆ ಅವ್ವ ಬೈಯುತ್ತಾಳೆ ಎಂದು ಕಣ್ಣು ಮುಚ್ಚಿದಳು. ಕೂಸನ್ನು ಮುಟ್ಟಿದಳು, ಅಲುಗಾಡಿಸಿದಳು. ಅದು ಕುಂಯ್ ಅನ್ನಲಿಲ್ಲ. ಆಗ ಅವಳಿಗೆ ಬೈಗುಳದ ಭಯ ಹೋಯಿತು. ಕೂಸನ್ನು ಎದೆಗವಚಿಕೊಂಡು ಎದ್ದಳು, ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದು ಬಂದಳು. ಬಾಗಿಲನ್ನು ಎಳೆದು ತೆರೆದಳು. ಹೊರಗೆ ಇಳಿಬಿಟ್ಟ ಜಮಖಾನೆ ಮೈಮೇಲೆ ಬಿತ್ತು, ಅದರೊಂದಿಗೇ ಹೊಸ್ತಿಲ ಮೇಲೆ ಕುಸಿದಳು.

ಸದ್ದು ಕೇಳಿ ತಾಯವ್ವ ಓಡಿದಳು. ಗಾಳಿಗೆ ಯಾಕೆ ಬಂದೆ ಎಂದು ಬಾಯಿ ತೆರೆದವಳು ಬಾಗಿ ನೋಡಿದಳು. ಮಗಳಿಗೆ ಎಚ್ಚರವಿಲ್ಲ. ಮಗಳ ತೋಳಲ್ಲಿ ಕೂಸು ಜೋತುಬಿದ್ದಿದೆ. ನಾನು ಮೊಣಕಾಲು ಮರೆತು ರೇಣುಕವ್ವನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೆ. ತಾಯವ್ವ ಕೂಸನ್ನು ಎತ್ತಿಕೊಂಡು ಅಂಗಳದ ನಡುವೆ ನಿಂತಳು. ಹನ್ನೆರಡು ದಿನ ಯಾವ ಗಾಳಿಯ ವಿರುದ್ಧ ಕಾದಾಡಿದ್ದಳೋ ಅದೇ ಗಾಳಿಗೆ ಕೂಸಿನ ಮುಖ ಹಿಡಿದಳು. ತಲೆಗೆ ಕಟ್ಟಿದ ಕುಂಚಿಗೆ ಸರಿಸಿದಳು. ಉಸಿರಾಡು, ನನ್ನವ್ವ, ಉಸಿರಾಡು ಎಂದು ಬೇಡಿಕೊಂಡಳು. ಎಷ್ಟು ಹೊತ್ತೋ ತಿಳಿಯದು. ಕೂಸು ಒಮ್ಮೆ ಬಿಕ್ಕಿತು, ಆಮೇಲೆ ಅತ್ತಿತು. ತಾಯವ್ವ ನೆಲಕ್ಕೆ ಕೂತುಬಿಟ್ಟಳು. ನನಗೂ ಅಳು ತಡೆಯಲಿಲ್ಲ.

ಕೂಗು ಕೇಳಿ ಬಂದ ಖಾಸಿಂಬಿ ನವಲಗುಂದದ ಬಸ್ಸನ್ನು ಅಡ್ಡ ನಿಂತು ನಿಲ್ಲಿಸಿದಳು. ದವಾಖಾನೆಯಲ್ಲಿ ತಾಯಿಗೂ ಕೂಸಿಗೂ ಆಮ್ಲಜನಕ ಕೊಟ್ಟರು. ಆ ಗಾಳಿಯ ಹೆಸರು ಕಾರ್ಬನ್ ಮೊನಾಕ್ಸೈಡ್ ಎಂದು ಡಾಕ್ಟರು ಹೇಳಿದರು. ರೇಣುಕವ್ವ ಏಳದೆ ಹಾಗೇ ನಿದ್ದೆ ಹೋಗಿದ್ದರೆ ಇಬ್ಬರೂ ಮತ್ತೆ ಏಳುತ್ತಿರಲಿಲ್ಲವೆಂದೂ ಹೇಳಿದರು. ನಾಲ್ಕು ದಿನಕ್ಕೆ ಇಬ್ಬರೂ ಚೇತರಿಸಿಕೊಂಡು ಮನೆಗೆ ಬಂದರು.

ಅವರು ಬಂದ ದಿನವೇ ಅಂದಾನೆಪ್ಪ ಹಾರೆ ಹಿಡಿದು ಮಾಳಿಗೆ ಹತ್ತಿದ. ತಾಯವ್ವ ಹಿಂದೆಯೇ ಹತ್ತಿ, ಹಾರೆ ಇಸಿದುಕೊಂಡು, ಗಾಜನ್ನು ತಾನೇ ಒಡೆದಳು. ಮಳೆ ಬೀಳದಂತೆ, ಗಾಳಿ ಮಾತ್ರ ಆಡುವಂತೆ ನಾಲ್ಕು ಕಲ್ಲಿಟ್ಟು ಮೇಲೆ ಹಂಚು ಹೊದಿಸಿದರು. ಕೂಸನ್ನು ಬೆಚ್ಚಗಿಡುವುದನ್ನು ಅವಳು ಬಿಡಲಿಲ್ಲ, ಬಿಡಲೂಬಾರದು. ಕುಂಚಿಗೆ ಕಟ್ಟುತ್ತಾಳೆ, ತಾಯಿಯ ಎದೆಗೆ ಹಚ್ಚಿ ಕಂಬಳಿ ಹೊದಿಸುತ್ತಾಳೆ. ಬಟ್ಟೆ ಕಾಸುವುದಿದ್ದರೆ ಕೆಂಡ ಅಂಗಳದಲ್ಲೇ ಇರುತ್ತದೆ. ಬಿಸಿ ಬಟ್ಟೆ ಮಾತ್ರ ಒಳಗೆ ಬರುತ್ತದೆ.

ಈಗ ಯಾರ ಮನೆಯಲ್ಲಿ ಹೆರಿಗೆಯಾದರೂ ತಾಯವ್ವ ಖಾಸಿಂಬಿಯ ಜೊತೆ ಹೋಗುತ್ತಾಳೆ. ಕೂಸಿನ ಮುಖ ನೋಡುವ ಮೊದಲು ಕೋಣೆಯ ಮಾಳಿಗೆ ನೋಡುತ್ತಾಳೆ. ಯಾರಾದರೂ ಎದುರಾಡಿದರೆ ಒಂದೇ ಮಾತು ಹೇಳುತ್ತಾಳೆ: "ಕಾಸಾಕ ಹತ್ತೇನಿ ಅಂತ ತಿಳದಿದ್ದೆ. ಕೊಲ್ಲಾಕ ಹತ್ತಿದ್ದೆ." ಆಮೇಲೆ ಎದುರಾಡುವವರಿಲ್ಲ.

ಅಕ್ಕಂದಿರೇ, ತಾಯಂದಿರೇ, ಮನೆಯ ಗಂಡಸರೇ, ನಿಮಗೂ ಹೇಳುತ್ತೇನೆ. ಇದ್ದಲಿಯಾಗಲಿ, ಕಟ್ಟಿಗೆಯಾಗಲಿ, ಕುಳ್ಳಾಗಲಿ, ಮುಚ್ಚಿದ ಕೋಣೆಯಲ್ಲಿ ಉರಿಸಬೇಡಿ. ಕೆಂಡವಿಟ್ಟ ಕೋಣೆಯಲ್ಲಿ ನಿದ್ದೆ ಮಾಡಬೇಡಿ. ಹೊಗೆಯಿಲ್ಲ ಎಂದರೆ ವಿಷವಿಲ್ಲ ಎಂದು ನಂಬಬೇಡಿ. ಒಂದೇ ಕೋಣೆಯಲ್ಲಿರುವ ಇಬ್ಬರಿಗೆ ತಲೆ ನೋವು, ವಾಕರಿಕೆ ಬಂದರೆ ಮೊದಲು ಎಲ್ಲರೂ ಬಯಲಿಗೆ ಬನ್ನಿ, ಆಮೇಲೆ ಕಾರಣ ಹುಡುಕಿ, ದವಾಖಾನೆಗೆ ಹೋಗಿ. ನೆರೆಮನೆಯಲ್ಲಿ ಕಂಡರೆ ನನ್ನ ಹಾಗೆ ಸುಮ್ಮನಿರಬೇಡಿ, ಬಾಯಿ ಬಿಟ್ಟು ಹೇಳಿ.

ಇದನ್ನು ಕೇಳುತ್ತಿರುವ ಈ ಹೊತ್ತಿನಲ್ಲೇ ನಿಮ್ಮ ಮನೆಯ ಕೋಣೆಯೊಂದರಲ್ಲಿ ಬಾಣಂತಿ ಮಲಗಿದ್ದು, ಹೊರಸಿನ ಕೆಳಗೆ ಕೆಂಡವಿದ್ದರೆ, ಇಲ್ಲಿ ಕೂರಬೇಡಿ. ಎದ್ದು ಹೋಗಿ ಬಾಗಿಲು ತೆರೆಯಿರಿ.