ಅರ್ಧ ಪದ

ಬೀದಿಯವರು ಅವಳನ್ನು ಕರೆಯುತ್ತಿದ್ದದ್ದು ಹಲ್ಲಮ್ಮ ಅಂತ. ದಂತವೈದ್ಯರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಊರಿನ ಅರ್ಧ ಮುದುಕರಿಗೆ ಕಟ್ಟುಹಲ್ಲು ಮಾಡಿಕೊಟ್ಟವಳು. ಯಾರಾದರೂ ಜಗಳಕ್ಕೆ ಬಂದರೆ, "ನೀನು ಕಡಿಯೋ ಹಲ್ಲೂ ನಂದೇ ಕಣಯ್ಯ" ಅನ್ನುವಳು. ಜಗಳ ಅಲ್ಲಿಗೇ ನಗೆಯಾಗಿಬಿಡುತ್ತಿತ್ತು.

ಈ ಸಲ ಸೈನಿಕರ ಸ್ಮಶಾನಕ್ಕೆ ಹೊರಟಾಗ ಅವಳ ಕೈಚೀಲದಲ್ಲಿ, ಹೂವಿನ ಕೆಳಗೆ, ಅಂಗಡಿಯ ರಬ್ಬರ್ ಬಟ್ಟಲು, ಒಂದು ಪೊಟ್ಟಣ ಬಿಳಿ ಪ್ಲಾಸ್ಟರ್, ಒಂದು ಚಪ್ಪಟೆ ಚಾಕು ಇದ್ದವು. ಬಸ್ಸಿನಲ್ಲಿ ಪಕ್ಕಕ್ಕೇ ಕೂತಿದ್ದ, ಶಾಲೆಯ ಮೇಷ್ಟ್ರಾಗಿದ್ದ ಗಂಡನಿಗೆ ಇದು ಗೊತ್ತಿರಲಿಲ್ಲ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಗೆ ಕಿಟಕಿಯ ಧೂಳು ತಾಗದ ಹಾಗೆ ಮೈ ಹಿಡಿಮಾಡಿಕೊಂಡು ಕೂತಿದ್ದರು. ನೆನಪಿನ ದಿನಕ್ಕೆ ಬರುವ ಮಂತ್ರಿ ಈ ವರ್ಷ ಇವರ ಮಗನ ಸಮಾಧಿಕಲ್ಲಿನ ಮುಂದೆಯೇ ನಿಂತು, ಅದರ ಮೇಲೆ ಕೆತ್ತಿದ್ದನ್ನು ಮೈಕಿನಲ್ಲಿ ಓದುವವರಿದ್ದರು. ಸಾಲಿನ ಮೊದಲ ಕಲ್ಲು ಅದು, ಕ್ಯಾಮೆರಾಕ್ಕೆ ಅನುಕೂಲ.

ಕಲ್ಲಿನ ಮೇಲೆ ಇದ್ದದ್ದು ಹೆಸರು, ಅದರ ಕೆಳಗೆ "ದೇಶಕ್ಕಾಗಿ ಬಲಿದಾನ". ಅಲ್ಲಿ ಕಣ್ಣು ಹಾಯುವವರೆಗೂ ಬಿಳಿ ಕಲ್ಲುಗಳೇ. ಹೆಸರು ಬೇರೆ ಬೇರೆ, ಕೆಳಗಿನ ಮಾತು ಮಾತ್ರ ಒಂದೇ, ಕಪ್ಪು ಬಣ್ಣ ತುಂಬಿದ ಅಕ್ಷರದಲ್ಲಿ, ಒಬ್ಬನೇ ಮಾಲೀಕನ ಅಂಗಡಿಗಳ ಬೋರ್ಡಿನ ಹಾಗೆ.

ಆ ಪದ ಮೊದಲ ವರ್ಷವೇ ಹಲ್ಲಮ್ಮನ ಗಂಟಲಿಗೆ ಮುಳ್ಳಾಗಿ ಸಿಕ್ಕಿಕೊಂಡಿತ್ತು. ಬಲಿ, ಸರಿ, ಅದು ಆಯಿತು. ಈ ದಾನ ಎಲ್ಲಿಂದ ಬಂತು? ಅವಳು ತನ್ನ ಕೈಯಾರೆ ಕೊಟ್ಟದ್ದು ಒಂದೇ, ಮಗನ ಹಲ್ಲಿನ ಅಚ್ಚು. ಉಬ್ಬುಹಲ್ಲಿನ ಹುಡುಗ, ಮನೆಯಲ್ಲಿ ಉಬ್ಬ ಅಂತಲೇ ಹೆಸರು. ತಂತಿ ಕಟ್ಟಲೆಂದು ಅವಳೇ ಅವನ ಬಾಯಿಗೆ ಹಿಟ್ಟು ಒತ್ತಿ ಅಚ್ಚು ತೆಗೆದಿದ್ದಳು. "ಅಮ್ಮಾ, ಇದು ಗೋಡೆಗೆ ಬಳಿಯೋದಾ, ನನಗಾ?" ಅಂತ ಉಗುಳುತ್ತಾ ನಕ್ಕಿದ್ದ. ತಂತಿ ಮಾತ್ರ ಕೊನೆಗೂ ಕಟ್ಟಿಸಿಕೊಳ್ಳಲಿಲ್ಲ. ಆಮೇಲೆ ಒಂದು ದಿನ ಸೇನೆಯ ಅಧಿಕಾರಿಯೊಬ್ಬ ಮನೆಗೆ ಬಂದು, ಮುಖದಿಂದ ಗುರುತು ಹಿಡಿಯೋ ಹಾಗಿಲ್ಲಮ್ಮ, ಹಲ್ಲಿಂದು ಏನಾದ್ರೂ ಇದ್ರೆ ಕೊಡಿ ಅಂದ. ಅವಳು ಅಂಗಡಿಯ ಶೆಲ್ಫಿನಿಂದ ಅಚ್ಚು ಇಳಿಸಿ, ಧೂಳೊರೆಸಿ ಕೊಟ್ಟಳು. ಅದು ಸರಿಯಾಗಿ ಹೊಂದಿಕೊಂಡಿತು. ಜನ್ಮದಲ್ಲಿ ಅವಳು ಮಾಡಿದ ಯಾವ ಕೆಲಸವೂ ಅಷ್ಟು ಸರಿಯಾಗಿ ಹೊಂದಿರಲಿಲ್ಲ. ಅಚ್ಚು ವಾಪಸು ಬರಲಿಲ್ಲ.

ಸಮಾರಂಭಕ್ಕೆ ಮುಂಚೆ ಮನೆಯವರು ಕಲ್ಲು ತೊಳೆಯಬಹುದು ಅಂತ ನಿಯಮ. ಆಳುಗಳು ದೂರದಲ್ಲಿ ಶಾಮಿಯಾನ ಕಟ್ಟುತ್ತಿದ್ದರು. ಮೇಷ್ಟ್ರು ನೀರು ತಂದರು. ಹಲ್ಲಮ್ಮ ಕಲ್ಲು ತೊಳೆದು, ಒರೆಸಿ, ಬಟ್ಟಲಿಗೆ ಒಂದಿಷ್ಟು ನೀರು ಹಾಕಿ, ಮೇಲಿಂದ ಪುಡಿ ಉದುರಿಸಿ ಕಲಸತೊಡಗಿದಳು.

"ಏನೇ ಅದು?"

"ರಿಪೇರಿ."

"ಕಲ್ಲು ಚೆನ್ನಾಗೇ ಇದೆಯಲ್ಲೇ."

"ಕಲ್ಲು ಚೆನ್ನಾಗಿದೆ. ಮಾತು ಹುಳುಕಾಗಿದೆ. ತುಂಬಬೇಕು."

ಅವಳ ಚಾಕು ಎಲ್ಲಿಗೆ ಹೋಗುತ್ತಿದೆ ಅಂತ ನೋಡಿದ ಮೇಲೆ ಮೇಷ್ಟ್ರ ಮುಖ ಬಿಳುಪೇರಿತು. "ತಲೆ ಕೆಟ್ಟಿದೆಯಾ? ಸರ್ಕಾರದ ಕಲ್ಲು ಅದು!"

"ಕೆಳಗಿರೋನು ಸರ್ಕಾರದೋನಲ್ಲವಲ್ಲ." ಅವಳು ತಿರುಗಿದಳು. "ನೀವು ಭಾಷೆ ಮೇಷ್ಟ್ರು. ನೀವೇ ಹೇಳಿ, ದಾನ ಅಂದ್ರೇನು? ಕೊಟ್ಟೋರೊಬ್ಬರು ಇರ್ಬೇಕು ತಾನೇ? ಯಾರು ಕೊಟ್ಟಿದ್ದು?"

ಮೇಷ್ಟ್ರು ಒದ್ದೆ ಹುಲ್ಲಿನ ಮೇಲೆ, ಇಸ್ತ್ರಿಯ ಪರಿವೆಯಿಲ್ಲದೆ, ಕೂತುಬಿಟ್ಟರು.

"ನಾನು."

ಉಬ್ಬನಿಗೆ ಆಗ ವಯಸ್ಸು ತುಂಬಿರಲಿಲ್ಲ. ಸೇನೆಗೆ ಸೇರಲು ತಂದೆಯ ರುಜು ಬೇಕಿತ್ತು. ಅವಳು ಬೇಡ ಬೇಡ ಅಂದು ಬಾಯಿ ಬಡಿದುಕೊಂಡಿದ್ದಳು. ಇವರು ಹೆಮ್ಮೆಯಿಂದ, ದುಂಡಗೆ, ಶಾಲೆಯ ಹಲಗೆಯ ಮೇಲೆ ಬರೆದ ಹಾಗೆ ರುಜು ಹಾಕಿದ್ದರು.

"ಕೊಟ್ಟಿದ್ದು ನಾನೇ ಕಣೇ. ಆ ಪದ ಇದ್ರೆ ನಾನು ದಾನಿ. ಹಾಗಂದ್ಕೊಂಡೇ ಬೆಳಿಗ್ಗೆ ಎದ್ದು ಮುಖ ತೊಳೀತೀನಿ. ಅದನ್ನೂ ಮುಚ್ಚಿಬಿಟ್ರೆ ನಾನು ಏನಾಗ್ತೀನಿ, ಹೇಳು."

ಪ್ಲಾಸ್ಟರ್ ಗಟ್ಟಿಯಾಗುವ ಮೊದಲು ಬಿಸಿಯಾಗುತ್ತದೆ. ಅವಳ ಅಂಗೈಯಲ್ಲಿ ಬಟ್ಟಲ ತಳ ಜ್ವರ ಬಂದ ಮಗುವಿನ ಹಣೆಯ ಹಾಗೆ ಕಾಯತೊಡಗಿತ್ತು. ಇನ್ನು ಸ್ವಲ್ಪ ತಡೆದರೆ ಅದು ಯಾವುದಕ್ಕೂ ಬಾರದ ಗಡ್ಡೆ. ಗಂಡನ ನರೆತ ತಲೆ ಸವರಬೇಕು ಅನ್ನಿಸುತ್ತಿತ್ತು, ಹಿಡಿದು ಅಲ್ಲಾಡಿಸಬೇಕು ಅಂತಲೂ ಅನ್ನಿಸುತ್ತಿತ್ತು.

"ನೀವು ಏನಾಗ್ತೀರೋ ನನಗೆ ಗೊತ್ತಿಲ್ಲ," ಅಂದಳು. "ಅವನು ಮಾತ್ರ ನಿಮ್ಮ ಜೇಬಿನ ಚಿಲ್ಲರೆ ಆಗಿರ್ಲಿಲ್ಲ, ತೆಗೆದು ಕೊಡೋಕೆ."

ಮೇಷ್ಟ್ರು ತಡೆಯಲಿಲ್ಲ, ಏಳಲೂ ಇಲ್ಲ. ಅವಳು 'ದಾ' ತುಂಬಿದಳು, 'ನ' ತುಂಬಿದಳು, ಚಾಕುವಿನ ಬೆನ್ನಿಂದ ನುಣ್ಣಗೆ ಸವರಿದಳು. ಬಿಳಿಯಲ್ಲಿ ಬಿಳಿ ಸೇರಿತು. ದೇಶಕ್ಕಾಗಿ ಬಲಿ. ಕೈ ತೊಳೆದು ಹೂವಿಟ್ಟಳು.

ಮಂತ್ರಿ ಬಂದರು. ವಾದ್ಯ ನಿಂತಿತು. ಹಗ್ಗದ ಆಚೆ ಅಪ್ಪ ಅಮ್ಮಂದಿರು, ಹೆಂಡಿರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಹಲ್ಲಮ್ಮ ಮಂತ್ರಿಯ ಬಾಯನ್ನೇ ನೋಡುತ್ತಿದ್ದಳು. ಈಗ ಓದುತ್ತಾರೆ, ಈಗ ನಾಲಗೆ ಎಡವುತ್ತದೆ, ಲೋಕವೆಲ್ಲ ಕೇಳುತ್ತದೆ.

ಮಂತ್ರಿ ಜೇಬಿನಿಂದ ಒಂದು ಚೀಟಿ ತೆಗೆದರು. ಚೀಟಿ ನೋಡಿ ಹೆಸರು ಹೇಳಿದರು. ಕ್ಯಾಮೆರಾ ನೋಡಿ, ದನಿ ನಡುಗಿಸಿ, "ದೇಶಕ್ಕಾಗಿ ಬಲಿದಾನ!" ಅಂದರು.

ಚಪ್ಪಾಳೆ ಬಿತ್ತು. ಕಲ್ಲು ಓದಲು ಬಂದವರು ಕಲ್ಲಿನ ಕಡೆ ಕಣ್ಣೂ ಹಾಯಿಸಿರಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ. ನೋಡುವ ಅಗತ್ಯವಾದರೂ ಏನಿತ್ತು, ಎಲ್ಲರಿಗೂ ಬಾಯಿಪಾಠವಾದ ಮಾತು. ಅಂಗೈಯಲ್ಲಿ ಒಣಗಿದ ಪ್ಲಾಸ್ಟರ್ ಚೂರನ್ನು ಉಗುರಿನಿಂದ ಕೀಳುತ್ತಾ ಹಲ್ಲಮ್ಮ ಅಂದುಕೊಂಡಳು: ಇಷ್ಟೇನಾ?

ಆಗ ಪಕ್ಕದಿಂದ ದನಿ ಎದ್ದಿತು. ಕೊನೆಯ ಬೆಂಚಿನವರೆಗೂ ಮುಟ್ಟುತ್ತಿದ್ದ ಹಳೆಯ ದನಿ. ಪುಸ್ತಕ ನೋಡದೆ ಪಾಠ ಒದರುವ ಹುಡುಗರ ಕಿವಿ ಹಿಂಡಿ ಮೇಷ್ಟ್ರು ಜೀವಮಾನವೆಲ್ಲ ಹೇಳಿದ್ದ ಮಾತು. ಉಬ್ಬನ ಕಿವಿಯೂ ಆ ಮಾತಿಗೆ ಕೆಂಪಾಗಿತ್ತು.

"ಬರೆದಿದ್ದನ್ನ ಓದಿ."

ಮಂತ್ರಿ ತಿರುಗಿದರು. "ಏನಂದ್ರಿ ಹಿರಿಯರೇ?"

"ಬರೆದಿದ್ದನ್ನ ಓದಿ. ನಿಮಗೆ ಬಂದಿದ್ದನ್ನಲ್ಲ."

ಕಾವಲಿನವನೊಬ್ಬ ಓಡಿ ಬಂದು ಮೇಷ್ಟ್ರ ತೋಳು ಹಿಡಿದ.  ಅಷ್ಟೂ ಕ್ಯಾಮೆರಾಗಳು ಕಲ್ಲಿನ ಕಡೆ ತಿರುಗಿದ್ದವು, ಇನ್ನು ಮಂತ್ರಿಗೆ ಬೇರೆ ದಾರಿ ಇರಲಿಲ್ಲ. ಸೊಂಟ ಹಿಡಿದುಕೊಂಡು ಬಗ್ಗಿದರು. ಅವರ ಏದುಸಿರು ಮೈಕಿನಲ್ಲಿ ಸ್ಮಶಾನದ ತುಂಬ ಕೇಳಿಸಿತು.

"ದೇಶಕ್ಕಾಗಿ..." ಅಂದು ನಿಂತರು.

ಮೈಕಿನವನ ಕೈ ಮೈಕ್ ಆರಿಸುವ ಗುಂಡಿಯ ಕಡೆ ಸರಿಯಿತು. ಮೇಷ್ಟ್ರು, ಪಾಠ ಒಪ್ಪಿಸುವವನ ಮುಂದೆ ಕಾಯುವ ಹಾಗೆಯೇ ನೆಟ್ಟಗೆ ನಿಂತು ಕಾಯುತ್ತಿದ್ದರು. ಆದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.