ಅಕ್ಕನ ಬೈಗುಳ

ಚುನಾವಣೆ ಬಂತೆಂದರೆ ಟೈಲರಿಂಗ್ ಮಾಡುವ ತಂಗಿಗೂ ಅವಳ ಅಕ್ಕನಿಗೂ ಹಾವು ಮುಂಗುಸಿಯ ಜಗಳವಾಗುತ್ತಿತ್ತು. ಮೂರು ವರ್ಷದ ಹಿಂದೆ ಅಕ್ಕ ಅಮಲೇರಿಸುವ ಯಾವುದೋ ಎಲೆಯ ಕಷಾಯಕ್ಕೆ ಅಂಟಿಕೊಂಡಳು. "ಮನಸ್ಸು ಅಂದ್ರೆ ಬರೀ ಗದ್ದಲ ಕಣೇ. ನನ್ನದು ಈಗ ನಿಂತಿದೆ," ಎನ್ನುತ್ತಿದ್ದಳು. ಆಮೇಲೆ ಜಗಳವೇ ಇಲ್ಲ.

ಇಂದು ತಂಗಿ ಹೊಲಿಗೆ ಯಂತ್ರ ನಿಲ್ಲಿಸಿ ಬೇಕೆಂದೇ ಸುಳ್ಳು ಹೇಳಿದಳು. "ಅಕ್ಕಾ, ನಿಂಗೆ ಕಂಡ್ರಾಗದ ಆ ಪಕ್ಷ ಸೇರ್ಕೊಂಡೆ."

"ಒಳ್ಳೇದಾಯ್ತು ಬಿಡೇ."

"ಬಯ್ಯಲ್ವಾ?"

"ಯಾಕೆ ಬಯ್ಯಲಿ?" ಅಕ್ಕ ಅವಳ ಕೆನ್ನೆ ಸವರಿದಳು.

ತಂಗಿ ಆ ಕೈ ಹಿಡಿದುಕೊಂಡಳು. "ಒಂದೇ ಒಂದ್ಸಲ ಬಯ್ಯೇ, ಮೊದಲಿನ ಹಾಗೆ," ಎಂದು ಗೋಗರೆದಳು.

ಅಕ್ಕ ತುಂಬ ಹೊತ್ತು ಯೋಚಿಸಿದಳು. "ಏನಂತ ಬಯ್ತಿದ್ದೆ? ನೀನೇ ಹೇಳ್ಕೊಡು."

"ತಲೆಯಲ್ಲಿ ಮಣ್ಣು ತುಂಬಿದೆಯಾ ಅಂತಿದ್ದೆ."

"ತಲೆಯಲ್ಲಿ ಮಣ್ಣು ತುಂಬಿದೆಯಾ," ಎಂದಳು ಅಕ್ಕ, ಮಗುವನ್ನು ಮುದ್ದಿಸುವಷ್ಟು ಮೆಲ್ಲಗೆ.