ಎಡಗೈ ತಿರುವು

ಗಜೇಂದ್ರಗಡದ ಬಜಾರದಲ್ಲಿ ಅನ್ನಪೂರ್ಣೇಶ್ವರಿಯವರ ಸೀರೆ ಅಂಗಡಿ ಎಂದರೆ ಸುತ್ತಲಿನ ಹಳ್ಳಿಗಳ ಹೆಂಗಸರಿಗೆಲ್ಲ ಗೊತ್ತು. ಪಟ್ಟೇದಂಚಿನ ಸೀರೆಯನ್ನು ಒಮ್ಮೆ ಝಾಡಿಸಿ ಗಿರಾಕಿಯ ಮುಂದೆ ಹರವಿ, ಮಾತಾಡುತ್ತ ಮಾತಾಡುತ್ತಲೇ ಮತ್ತೆ ಮಡಿಸಿಡುತ್ತಿದ್ದ ಕೈ ಅವರದು. ಹೋದ ವರ್ಷ ಶ್ರಾವಣದಲ್ಲಿ ಲಕ್ವಾ ಹೊಡೆದು ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಬೇಗ ದವಾಖಾನೆಗೆ ಒಯ್ದಿದ್ದರಿಂದ ಜೀವಕ್ಕೂ ಮಾತಿಗೂ ಧಕ್ಕೆಯಾಗಲಿಲ್ಲ. ಕಾಲು ಕೂಡ ಮೆಲ್ಲಗೆ ದಾರಿಗೆ ಬಂತು. ಕೈ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಮಗ ಅಮರೇಶ ಅಂಗಡಿಯ ಗಾದಿಯ ಮೇಲೆ ಕೂತ. ಅವರು ಮನೆ ಹಿಡಿದರು.

ದವಾಖಾನೆಯವರು ಹಿಚುಕಲು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. ಅಳುವ ಕೂಸಿಗೆ ಕೊಟ್ಟ ಹಾಗೆ ಕೊಟ್ಟಾರೆ ಎಂದು ಗೊಣಗಿ, ನಾಲ್ಕು ಸಲ ಹಿಚುಕಿ ಮಗ್ಗುಲಿಗೆ ಎಸೆಯುತ್ತಿದ್ದರು. ಡಾಕ್ಟರು ಸಿಟ್ಟು ಮಾಡಿದರೂ ಅಷ್ಟೇ, ಮಗ ಕೈಮುಗಿದರೂ ಅಷ್ಟೇ.

ಸೊಸೆ ಕವಿತಾ ರೋಣದವಳು, ಹೊಸದಾಗಿ ಬಂದವಳು. ಅವಳಿಗೆ ಕಂಪ್ಯೂಟರ್ ಆಟದ ಹುಚ್ಚಿತ್ತು. ಆಟ ಆಡುವ ಕಂಟ್ರೋಲರನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡೇ ಗಂಡನ ಮನೆಗೆ ಬಂದಿದ್ದಳು. ಮನೆಯಲ್ಲಿದ್ದದ್ದು ಅಂಗಡಿಯಿಂದ ತಂದ ಹಳೇ ಕಂಪ್ಯೂಟರು. ದೊಡ್ಡ ಆಟಗಳು ಅದರ ಕೈಲಿ ಆಗುತ್ತಿರಲಿಲ್ಲ. ಆದರೆ ಈಗಿನ ಪದ್ಧತಿ ಬೇರೆ. ಆಟ ನಡೆಯುವುದು ಎಲ್ಲೋ ದೂರದ ಶಹರದ ದೊಡ್ಡ ಮಷೀನಿನಲ್ಲಿ. ಇಲ್ಲಿ ಗುಂಡಿ ಒತ್ತಿದ್ದು ಇಂಟರ್ನೆಟ್ಟಿನಲ್ಲಿ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಚಿತ್ರ ಇಲ್ಲಿಗೆ ಬರುತ್ತದೆ. ಕವಿತಾ ಮಧ್ಯಾಹ್ನ ಅತ್ತೆ ಮಲಗಿದಾಗ ಬಾಗಿಲು ಮುಂದೆ ಮಾಡಿಕೊಂಡು ಗುಡ್ಡದ ದಾರಿಯಲ್ಲಿ ಕಾರು ಓಡಿಸುತ್ತಿದ್ದಳು.

ಒಂದು ದಿನ ಅತ್ತೆಗೆ ನಿದ್ದೆ ಹತ್ತಲಿಲ್ಲ. ಬಾಗಿಲು ತಳ್ಳಿ ಒಳಗೆ ಬಂದರು. ಕವಿತಾ ಗಾಬರಿಯಿಂದ ಎದ್ದು ನಿಂತಳು. ಅವರು ಬೈಯಲಿಲ್ಲ. ಪರದೆಯನ್ನೂ ಅವಳ ಕೈಯನ್ನೂ ಸ್ವಲ್ಪ ಹೊತ್ತು ನೋಡಿದರು.

"ಇದನ್ನ ಯಾವ ಕೈಲೆ ತಿರುವತಿ?"

"ಎಡಗೈ ಹೆಬ್ಬಟ್ಟಿಲೆ, ಅತ್ತಿ."

"ಹಂಗಾರ ಕೊಡಿಲ್ಲೆ."

ಅಂದಿನಿಂದ ಸಂಜೆಯ ದೀಪ ಹಚ್ಚಿದ ಮೇಲೆ ಅತ್ತೆಯದೇ ಪಾಳಿ. ಚೆಂಡನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆ ಗುಡ್ಡದ ದಾರಿಯಲ್ಲಿ ಒಂದು ಎಡ ತಿರುವಿತ್ತು. ಹೆಬ್ಬೆರಳಿಗೆ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತುತ್ತಿದ್ದರು. ಕಾರು ನೆಟ್ಟಗೇ ಹೋಗಿ, ತಡೆದು, ಆಮೇಲೆ ತಿರುಗುತ್ತಿತ್ತು. ಅಷ್ಟರಲ್ಲಿ ಪ್ರಪಾತ. ದಿನವೂ ಅದೇ ತಿರುವು, ಅದೇ ಪ್ರಪಾತ. ತಲೆಯ ಹುಕುಂ ಕೈಗೆ ಮುಟ್ಟುವುದೇ ತಡವಾಗುತ್ತಿದೆ ಎಂದು ಅವರು ಲೆಕ್ಕ ಹಾಕಿಕೊಂಡರು. ವಾರಗಳು ಕಳೆದರೂ ಆ ತಡ ಕಡಿಮೆಯಾಗಲಿಲ್ಲ. ಕೊನೆಗೊಂದು ಸಂಜೆ ಕಂಟ್ರೋಲರನ್ನು ಸೊಸೆಯ ಉಡಿಯಲ್ಲಿ ಇಟ್ಟುಬಿಟ್ಟರು.

"ಈ ಕೈ ಇನ್ನ ಬರೂದಿಲ್ಲ, ಕವಿತಾ. ನನಗ ತಿಳೀತು."

ಧೈರ್ಯ ತುಂಬಬೇಕೆಂದು ಕವಿತಾ ತಾನೇ ಓಡಿಸಿ ತೋರಿಸಲು ಹೋದಳು. ಅದೇ ತಿರುವಿನಲ್ಲಿ ಅವಳ ಕಾರೂ ಕೆಳಗೆ ಬಿತ್ತು. ಅನ್ನಪೂರ್ಣೇಶ್ವರಿಯವರ ಮೈ ಉರಿಯಿತು. ತನ್ನನ್ನು ಸಮಾಧಾನ ಮಾಡಲು ಬೇಕಂತಲೇ ಬೀಳಿಸಿದಳೆಂದು ತಿಳಿದು, ನನಗೆ ಯಾರ ಕನಿಕರವೂ ಬೇಡ ಎಂದು ಬಿರುಸಾಗಿ ಅಂದರು. ಕವಿತಾಳ ಕಣ್ಣು ತುಂಬಿ ಬಂತು.

"ಖರೇನ ಬಿದ್ದೀನ್ರಿ ಅತ್ತಿ. ನಾ ಒತ್ತಿದ್ದು ಲಗೂನ ಒತ್ತೀನಿ. ಅದ ತಿರಗಲಿಲ್ಲ."

ಅತ್ತೆ ನಂಬದೆ ಎದ್ದು ಹೋದರು. ಕವಿತಾ ಮಾತ್ರ ಅಲ್ಲೇ ಕೂತು ಯೋಚಿಸಿದಳು. ಮಧ್ಯಾಹ್ನ ತಾನು ಆಡುವಾಗ ಇಷ್ಟು ತಡ ಎಂದೂ ಆಗಿರಲಿಲ್ಲ. ಸಂಜೆ ತಾನು ಆಡಿದ್ದೇ ಇಲ್ಲ, ಅತ್ತೆಗೆ ಬಿಟ್ಟುಕೊಟ್ಟು ನೋಡುತ್ತಿದ್ದವಳು. ಮರುದಿನ ಬೆಳಗಾದ ಕೂಡಲೇ ಊರಿಗೆಲ್ಲ ಇಂಟರ್ನೆಟ್ ಲೈನು ಕೊಡುವ ನಿಲೋಫರಳಿಗೆ ಫೋನು ಮಾಡಿ, ಸಂಜೆಯೇ ಬಾ ಎಂದಳು.

ನಿಲೋಫರ ಬಂದು ಚಹಾ ಕುಡಿದು ತಾನೂ ಒಮ್ಮೆ ಓಡಿಸಿ ನೋಡಿದಳು, ತಾನೂ ಬಿದ್ದಳು. ಆಮೇಲೆ ಮೊಬೈಲಿನಲ್ಲಿ ಏನೇನೋ ತಪಾಸು ಮಾಡಿದಳು. ಇಂಟರ್ನೆಟ್ ಡಬ್ಬಿ ಇದ್ದದ್ದು ಪಡಸಾಲೆಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ. ನಡುವೆ ಮೊಳ ದಪ್ಪದ ಎರಡು ಕಲ್ಲಿನ ಗೋಡೆ. ಅವನ್ನು ದಾಟುವುದರೊಳಗೆ ವೈಫೈ ಸೋತುಹೋಗುತ್ತಿತ್ತು. ಅದರ ಮೇಲೆ, ಸಂಜೆಯಾದರೆ ಓಣಿಯ ಮಂದಿಯೆಲ್ಲ ಒಂದೇ ಲೈನಿನ ಮೇಲೆ ವಿಡಿಯೋ ನೋಡುತ್ತ ಕೂಡುತ್ತಿದ್ದರು. ಮರುದಿನ ತನ್ನ ಕೈಕೆಳಗೆ ವೈರಿನ ಕೆಲಸ ಮಾಡುವ ತೋಟಪ್ಪನನ್ನು ಕರೆತಂದು, ಡಬ್ಬಿಯಿಂದ ಮಾಳಿಗೆಯ ಮೇಲೆ ಹಾಯಿಸಿ ಕಂಪ್ಯೂಟರಿನವರೆಗೆ ಸೀದಾ ವೈರು ಎಳೆಸಿದಳು. ಮನೆಯ ಲೈನನ್ನು ಓಣಿಯ ಗದ್ದಲದಿಂದ ಬಿಡಿಸಿ ಬೇರೆ ಕಡೆ ಜೋಡಿಸಿದಳು.

"ಪೂರಾ ತಡ ಹೋಗೂದಿಲ್ರಿ ಅಕ್ಕಾರ," ಎಂದಳು. "ಮಷೀನ್ ದೂರ ಐತಿ, ಹೋಗಿ ಬರಾಕ ಒಂದೀಟು ಹೊತ್ತು ಬೇಕ ಬೇಕು. ಆದ್ರ ಗುಡ್ಡದ ಮ್ಯಾಲಿಂದ ಬೀಳೂವಷ್ಟು ಅಲ್ಲ."

ಅನ್ನಪೂರ್ಣೇಶ್ವರಿಯವರಿಗೆ ಆಡುವ ಮನಸ್ಸಿರಲಿಲ್ಲ. ಬಂದವರ ಮುಖ ನೋಡಿ ಕೂತರು. ತಿರುವು ಬಂತು. ಹೆಬ್ಬೆರಳು ಒತ್ತಿತು. ಕಾರು ತಟ್ಟನೆ ಎಡಕ್ಕೆ ಹೊರಳಿ ಗುಡ್ಡದ ಗೋಡೆಗೆ ಉಜ್ಜಿತು. ತಡವಾಗುತ್ತದೆಂದು ಮೊದಲೇ ಒತ್ತಿ ಒತ್ತಿ ರೂಢಿಯಾಗಿತ್ತಲ್ಲ. ಅವರಿಗೇ ನಗು ಬಂತು. ಮತ್ತೊಮ್ಮೆ ಹೊರಟರು. ಈ ಸಲ ಕಾರು ತಿರುವನ್ನು ದಾಟಿ, ಅವರು ಎಂದೂ ಕಾಣದ ಆಚೆಯ ದಾರಿಗೆ ಇಳಿಯಿತು. ಅಲ್ಲೊಂದು ಕೆರೆಯಿತ್ತು. ಕೆರೆಯ ದಂಡೆಗುಂಟ ಇನ್ನೊಂದು ತಿರುವು, ಅದೂ ದಾಟಿತು.

ಅವರು ಕಂಟ್ರೋಲರನ್ನು ಕೆಳಗಿಟ್ಟು ಎಡಗೈಯನ್ನು ಮುಖದ ಮುಂದೆ ಹಿಡಿದರು. ಬೆರಳು ಮಡಿಸಿದರು, ಬಿಚ್ಚಿದರು. ಕೈ ತಿರುಗಿ ಬಂದು ಎಷ್ಟೋ ದಿನಗಳಾಗಿದ್ದವು. ಲೈನಿನ ತಡವನ್ನು ಅವರು ತಮ್ಮ ಕೈಯ ತಡವೆಂದು ತಿಳಿದಿದ್ದರು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ಸೊಸೆಯನ್ನು ಹತ್ತಿರ ಕರೆದು, ಅದೇ ಕೈಯಿಂದ ಅವಳ ಗಲ್ಲ ಹಿಡಿದರು.

"ನೀ ಖರೇನ ಬಿದ್ದಿದ್ದಿ," ಎಂದರು. "ನೀ ಈ ಮನಿಗೆ ಬಂದದ್ದು ನನ್ನ ಪುಣ್ಯಾ, ಕವಿತಾ."

ಹಾಗೆಂದು ಎಲ್ಲವೂ ಸುರಳೀತ ಆಯಿತೆಂದಲ್ಲ. ಜೋರು ಗಾಳಿ ಬೀಸಿದ ದಿನ ಚಿತ್ರ ಚೌಕು ಚೌಕಾಗಿ ಒಡೆಯುತ್ತದೆ. ಕರೆಂಟು ಹೋದರೆ ಕಾರು ನಡುದಾರಿಯಲ್ಲೇ ಮಾಯ. ಕಣ್ಣು ಮಿಟುಕಿಸುವುದರೊಳಗೆ ಹೊಡೆಯಬೇಕಾದ ಕುಸ್ತಿ ಆಟಗಳಿಗೆ ಈ ಪದ್ಧತಿ ಇನ್ನೂ ಸಾಲದು ಎಂದು ಕವಿತಾ ಈಗಲೂ ಹೇಳುತ್ತಾಳೆ. ಅತ್ತೆಗೆ ಗುಡ್ಡದ ದಾರಿ ಸಾಕಾಗಿತ್ತು.

ಉಗಾದಿ ಹೊತ್ತಿಗೆ ಅನ್ನಪೂರ್ಣೇಶ್ವರಿಯವರು ಅಂಗಡಿಗೆ ಹೋಗಲು ಶುರು ಮಾಡಿದರು. ಸೀರೆ ಮಡಿಸುವುದು ಮೊದಲಿನಷ್ಟು ಚುರುಕಿಲ್ಲ, ಗಿರಾಕಿಗಳು ಕಾಯುತ್ತಾರೆ. ಒಂದು ಮುಂಜಾನೆ ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತ, ಆ ಮಷೀನು ಯಾವ ಊರಲ್ಲಿದೆ ಎಂದು ಸೊಸೆಯನ್ನು ಕೇಳಿದರು. ಮುಂಬೈ ಇರಬಹುದು, ಬೇರೆ ಎಲ್ಲೋ ಇದ್ದರೂ ಇರಬಹುದು, ತನಗೂ ಸರಿಯಾಗಿ ಗೊತ್ತಿಲ್ಲ ಎಂದಳು ಕವಿತಾ.

"ಅದನ್ನ ಹಗಲೂ ರಾತ್ರಿ ನೋಡಕೊಳ್ಳೋ ಮಂದಿ ಇರತಾರಲ್ಲ?"

"ಇರತಾರ್ರಿ."

"ಅವರ ಕೈಕಾಲು ಗಟ್ಟಿ ಇರಲಿ," ಎಂದು ಅವರು ಬಜಾರದ ಕಡೆಗೆ ನಡೆದರು.